ಆರಂಭಕಾಲದ ಹೆಲಿಕಾಪ್ಟರ್‌ಗಳ ಬಗ್ಗೆ ಪುಸ್ತಕ: ದಾಖಲೆ ಹುಡುಕುವುದರಿಂದ ಅಚ್ಚು ಹಾಕಿಸುವ ತನಕ

ಹಳೆಯ ಹೆಲಿಕಾಪ್ಟರ್‌ಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಮಾಡಲು ಹೊರಟ ಹಲವರ ಹಸ್ತಪ್ರತಿಗಳನ್ನು ಓದಿದ್ದೇನೆ. ಹೆಚ್ಚಿನವು ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. "ಜಗತ್ತಿನ ಮೊಟ್ಟಮೊದಲ ಹೆಲಿಕಾಪ್ಟರ್ ಹಾರಿದ್ದು 1907ರ ನವೆಂಬರ್ 13ರಂದು" ಎಂಬ ಸಾಲು ಮೊದಲ ಪುಟದಲ್ಲೇ ಇರುತ್ತದೆ. ಅದನ್ನು ನೋಡಿದವರು ಯಾರು, ಆ ಕಾಲದಲ್ಲಿ ಎಲ್ಲಿ ಅಚ್ಚಾಯಿತು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಅಷ್ಟರಲ್ಲಿ ಮುಖಪುಟ ಸಿದ್ಧವಾಗಿರುತ್ತದೆ, ಮುದ್ರಕರಿಗೆ ಮುಂಗಡವೂ ಹೋಗಿರುತ್ತದೆ.

ಇದು ಶ್ರಮ ಸಾಲದೆ ಆಗುವ ತಪ್ಪಲ್ಲ, ಕೆಲಸದ ಕ್ರಮ ತಲೆಕೆಳಗಾಗಿ ಆಗುವ ತಪ್ಪು. ಕೆಳಗಿನ ಹಂತಗಳನ್ನು ಅದೇ ಅನುಕ್ರಮದಲ್ಲಿ ಮಾಡಿ.

## ಹಂತ 1: ವಿಷಯಕ್ಕೆ ಬೇಲಿ ಹಾಕಿ

"ಹೆಲಿಕಾಪ್ಟರ್‌ನ ಇತಿಹಾಸ" ಎಂಬುದು ಒಬ್ಬರು ಮನೆಯಲ್ಲಿ ಕುಳಿತು ಮುಗಿಸುವ ವಿಷಯವಲ್ಲ. ಒಂದು ಕಾಲ, ಒಂದು ದೇಶ ಅಥವಾ ಒಂದು ತಾಂತ್ರಿಕ ಸಮಸ್ಯೆ ಆರಿಸಿಕೊಳ್ಳಿ. 1907ರಿಂದ 1924ರ ತನಕ ಫ್ರಾನ್ಸ್‌ನಲ್ಲಿ ನಡೆದ ಪ್ರಯತ್ನಗಳು ಒಂದು ಪುಸ್ತಕಕ್ಕೆ ಸಾಕು. ಸ್ಪೇನ್‌ನ ಹುವಾನ್ ದೆ ಲಾ ಸಿಯೆರ್ವಾ ಆಟೋಜೈರೊದ (ಮೇಲಿನ ರೋಟರ್, ಎಂದರೆ ತಿರುಗುವ ಬ್ಲೇಡುಗಳು, ಎಂಜಿನ್‌ನಿಂದಲ್ಲದೆ ಎದುರುಗಾಳಿಯಿಂದಲೇ ಸುತ್ತುವ ವಿಮಾನ) ಬ್ಲೇಡುಗಳಿಗೆ ಕೀಲು ಹಾಕಿದ್ದು, ಆ ಕೀಲು ಮುಂದೆ ಹೆಲಿಕಾಪ್ಟರ್‌ಗೆ ದಾಟಿ ಬಂದದ್ದು ಇನ್ನೊಂದು ಪುಸ್ತಕ. 1936ರ ಜೂನ್ 26ರಂದು ಜರ್ಮನಿಯಲ್ಲಿ ಹಾರಿದ ಫೋಕೆ-ವುಲ್ಫ್ ಎಫ್‌ಡಬ್ಲ್ಯು 61ರಿಂದ 1940ರ ಮೇ 13ರಂದು ಕಟ್ಟುಹಗ್ಗವಿಲ್ಲದೆ ಹಾರಿದ, ರಷ್ಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸಿಕೋರ್ಸ್ಕಿಯ ವಿಎಸ್-300ರ ತನಕದ ನಾಲ್ಕು ವರ್ಷ ಮೂರನೆಯದು.

ಅಪಾಯದ ಸೂಚನೆ: ನಿಮ್ಮ ಪರಿವಿಡಿ ಲಿಯೊನಾರ್ಡೊ ಡ ವಿಂಚಿಯಿಂದ ಆರಂಭವಾಗಿದ್ದರೆ ಬೇಲಿ ಇನ್ನೂ ಬಿದ್ದಿಲ್ಲ.

## ಹಂತ 2: ಸಾಮಗ್ರಿ

ದೊಡ್ಡದೇನೂ ಬೇಡ. ಕಂಪ್ಯೂಟರ್, ಬ್ಯಾಕಪ್‌ಗೆ ಎರಡು ಕಡೆ ಜಾಗ, ಒಂದು ಸ್ಪ್ರೆಡ್‌ಶೀಟ್, ಯೂನಿಕೋಡ್ ಕನ್ನಡ ಕೀಲಿಮಣೆ. ಫ್ರೆಂಚ್ ಮತ್ತು ಜರ್ಮನ್ ಲೇಖನಗಳಿಗೆ ಯಂತ್ರಾನುವಾದ ಬಳಸಬಹುದು. ಆದರೆ ಪುಸ್ತಕಕ್ಕೆ ಹೋಗುವ ಪ್ರತಿ ವಾಕ್ಯವನ್ನೂ ಆ ಭಾಷೆ ಬಲ್ಲ ಒಬ್ಬರಿಗೆ ತೋರಿಸಲೇಬೇಕು. ಅಂಥವರನ್ನು ಈಗಲೇ ಗೊತ್ತು ಮಾಡಿಕೊಳ್ಳಿ.

ಬೆಂಗಳೂರಿನಲ್ಲಿದ್ದರೆ ಎಚ್‌ಎಎಲ್‌ನ ವೈಮಾನಿಕ ಸಂಗ್ರಹಾಲಯಕ್ಕೆ ಒಂದು ದಿನ ಕೊಡಿ. ಫ್ರಾನ್ಸ್‌ನ ಅಲುಎಟ್ 3 ಎಂಬ ಹೆಲಿಕಾಪ್ಟರನ್ನು ಎಚ್‌ಎಎಲ್ ಪರವಾನಗಿ ಪಡೆದು 'ಚೇತಕ್' ಹೆಸರಿನಲ್ಲಿ ತಯಾರಿಸಿತು. ಮೂರು ಬ್ಲೇಡುಗಳು ಸೇರುವ ಅದರ ನಡುಗುಂಬದಲ್ಲಿ ಬ್ಲೇಡು ಮೇಲೆ ಕೆಳಗೆ ಆಡಲು ಒಂದು ಕೀಲು, ಹಿಂದೆ ಮುಂದೆ ಆಡಲು ಇನ್ನೊಂದು ಕೀಲು ಇರುತ್ತದೆ. ಈ ಬಗೆಯ ರೋಟರನ್ನು ಎಲ್ಲಾದರೂ ಹತ್ತಿರದಿಂದ ನೋಡಿದರೆ ಸಿಯೆರ್ವಾ ಬಗೆಹರಿಸಿದ ಸಮಸ್ಯೆ ಏನು ಎಂಬುದು ಹತ್ತು ಪುಟ ಓದಿದ್ದಕ್ಕಿಂತ ಬೇಗ ಅರ್ಥವಾಗುತ್ತದೆ.

## ಹಂತ 3: 'ಹಾರಿತು' ಎನ್ನುವುದನ್ನು ಒಡೆದು ಬರೆಯಿರಿ

ಬರವಣಿಗೆ ಇನ್ನೂ ಬೇಡ. ಮೊದಲು ಸ್ಪ್ರೆಡ್‌ಶೀಟಿನಲ್ಲಿ ಒಂದು ಖಾತೆ ತೆರೆಯಿರಿ. ಪ್ರತಿ ಹಾರಾಟಕ್ಕೆ ಒಂದು ಸಾಲು. ದಿನಾಂಕ, ಸ್ಥಳ, ಎತ್ತರ, ಅವಧಿ, ದೂರ ಮಾತ್ರವಲ್ಲ, ಇವೂ ಬೇಕು: ಯಂತ್ರದಲ್ಲಿ ಮನುಷ್ಯ ಇದ್ದನೆ? ಹಗ್ಗ ಕಟ್ಟಿದ್ದರೇ? ಯಾರಾದರೂ ಕೈಯಲ್ಲಿ ಹಿಡಿದಿದ್ದರೇ? ಬೇಕಾದ ಕಡೆ ತಿರುಗಿಸಲು ಆಗುತ್ತಿತ್ತೆ? ಅಳೆದವರು ಯಾರು? ಕೊನೆಯ ಕಂಬದಲ್ಲಿ (ಕಾಲಂ) ಈ ಮಾಹಿತಿ ನಿಮಗೆ ಸಿಕ್ಕ ಜಾಗ.

ಇಷ್ಟು ಮಾಡಿದರೆ 'ಮೊಟ್ಟಮೊದಲು' ಎಂಬ ಜಗಳ ಅರ್ಧ ಕರಗುತ್ತದೆ. ಬ್ರೆಗೆ ಸಹೋದರರು ಮತ್ತು ರಿಶೆ 1907ರಲ್ಲಿ ಫ್ರಾನ್ಸ್‌ನ ದುಎ ಊರಿನಲ್ಲಿ ಮೇಲೆತ್ತಿದ ಜೈರೊಪ್ಲೇನ್ ಮನುಷ್ಯನನ್ನು ಹೊತ್ತು ಸುಮಾರು ಎರಡು ಅಡಿ ಎದ್ದಿತು. ಆದರೆ ಅದು ವಾಲದಂತೆ ನಾಲ್ಕು ಮೂಲೆಗಳಲ್ಲಿ ನಾಲ್ವರು ಹಿಡಿದು ನಿಂತಿದ್ದರು. ಅದೇ ವರ್ಷ ಫ್ರಾನ್ಸ್‌ನ ಪಾಲ್ ಕೋರ್ನ್ಯುವಿನ ಯಂತ್ರವನ್ನು (ಆರಂಭದಲ್ಲಿ ಹೇಳಿದ ನವೆಂಬರ್ 13ರ ಹಾರಾಟ ಇದರದ್ದೇ) ಯಾರೂ ಹಿಡಿದಿರಲಿಲ್ಲ ಎನ್ನುತ್ತಾರೆ, ಆದರೆ ಅದು ಎದ್ದಿತೆ ಎಂಬುದೇ ಪ್ರಶ್ನೆ. ಫ್ರಾನ್ಸ್‌ನವರೇ ಆದ ಎಟಿಯೆನ್ ಊಮಿಷೆನ್ 1924ರ ಮೇ 4ರಂದು ಒಂದು ಕಿಲೋಮೀಟರ್ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದಿಳಿದರು, 7 ನಿಮಿಷ 40 ಸೆಕೆಂಡಿನಲ್ಲಿ. ಮೂವರಿಗೂ 'ಮೊದಲು' ಎಂಬ ಪಟ್ಟ ಕೊಟ್ಟವರಿದ್ದಾರೆ. ಯಾವುದರಲ್ಲಿ ಮೊದಲು ಎಂದು ನೀವು ಬರೆಯಬೇಕು.

ದಿನಾಂಕದ ಕಂಬದಲ್ಲಿ ಒಂದೇ ದಿನಾಂಕ ತುಂಬಿಸಿ ಸುಮ್ಮನಾಗಬೇಡಿ. ಬ್ರೆಗೆ ಯಂತ್ರಕ್ಕೆ ಆಗಸ್ಟ್ 24 ಎನ್ನುವವರೂ ಇದ್ದಾರೆ, ಸೆಪ್ಟೆಂಬರ್ 29 ಎನ್ನುವವರೂ ಇದ್ದಾರೆ. ಸಿಯೆರ್ವಾನ ಸಿ-4 ಹಾರಿದ್ದು 1923ರ ಜನವರಿ 9 ಎಂದು ಒಂದು ಕಡೆ, ಜನವರಿ 17 ಎಂದು ಇನ್ನೊಂದು ಕಡೆ ಇದೆ. ಎರಡನ್ನೂ ಬರೆದುಕೊಳ್ಳಿ, ಯಾವುದು ಎಲ್ಲಿಂದ ಬಂತೆಂದು ಗುರುತು ಹಾಕಿ. ಕೆಲವು ಸಲ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ: 1924ರ ಏಪ್ರಿಲ್ 14ರಂದು ಊಮಿಷೆನ್ 360 ಮೀಟರ್ ಹಾರಿ ದಾಖಲೆ ಬರೆದರು, 17ರಂದು ಅದನ್ನು 525ಕ್ಕೆ ಏರಿಸಿದರು, ಮರುದಿನವೇ ಅರ್ಜೆಂಟೀನಾದ ರೌಲ್ ಪೆಸ್ಕಾರಾ 736 ಮೀಟರ್ ಹಾರಿ ಮುರಿದರು. ಇಲ್ಲಿ ಒಂದು ದಿನ ಹಿಂದೆಮುಂದಾದರೆ ದಾಖಲೆಯ ಒಡೆಯನೇ ಬದಲಾಗುತ್ತಾನೆ.

ರಷ್ಯಾದ ದಿನಾಂಕಗಳಿಗೆ ಇನ್ನೊಂದು ಎಚ್ಚರ ಬೇಕು. 1918ರ ಫೆಬ್ರವರಿ ತನಕ ಅಲ್ಲಿ ಹಳೆಯ ಪಂಚಾಂಗವಿತ್ತು, ಆ ಶತಮಾನದಲ್ಲಿ ಅದು ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದೆ. ಸಿಕೋರ್ಸ್ಕಿ 1909ರಲ್ಲಿ ಕೀವ್‌ನಲ್ಲಿ ಮಾಡಿದ ಪ್ರಯತ್ನಗಳನ್ನು ಬರೆಯುವಾಗ ಯಾವ ಪಂಚಾಂಗ ಎಂದು ಸಾಲಿನಲ್ಲೇ ಹೇಳಿ.

## ಹಂತ 4: ಆ ಕಾಲದ ಕಾಗದಕ್ಕೆ ಇಳಿಯಿರಿ

ಖಾತೆಯ ಪ್ರತಿ ಸಾಲಿಗೂ ಆ ವರ್ಷದಲ್ಲೇ, ಆಗದಿದ್ದರೆ ಮರುವರ್ಷದೊಳಗೆ ಅಚ್ಚಾದ ಒಂದು ದಾಖಲೆ ಬೇಕು. ಇದು ಈ ಕೆಲಸದ ಬೆನ್ನೆಲುಬು. ಅರ್ಧಕ್ಕರ್ಧ ಸಮಯ ಇಲ್ಲೇ ಕಳೆಯಿರಿ.

ಮೊದಲ ನಿಲ್ದಾಣ ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ 'ಗಾಲಿಕಾ' ಜಾಲತಾಣ. 'ಲಾಯೆರೊಫೀಲ್' ಎಂಬ ಹಳೆಯ ವಿಮಾನಪತ್ರಿಕೆಯ ಸಂಚಿಕೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಹುಡುಕುವಾಗ 'ಹೆಲಿಕೊಪ್ತೇರ್' ಎಂಬ ಒಂದೇ ಫ್ರೆಂಚ್ ಪದ ಹಾಕಿ ಬಿಡಬೇಡಿ. ಕಂಪ್ಯೂಟರ್ ಆ ಮಸುಕಾದ ಅಕ್ಷರಗಳನ್ನು ತಪ್ಪಾಗಿ ಓದಿರುತ್ತದೆ, ಎಷ್ಟೋ ಕಡೆ ಪದವೇ ಸಿಗುವುದಿಲ್ಲ. 'ಜಿರೊಪ್ಲಾನ್' (ಜೈರೊಪ್ಲೇನ್‌ನ ಫ್ರೆಂಚ್ ರೂಪ), ಊರಿನ ಹೆಸರು, ಎಂಜಿನ್‌ನ ಹೆಸರು, ಪೈಲಟ್‌ನ ಹೆಸರು, ಎಲ್ಲದರಿಂದಲೂ ಹುಡುಕಿ. ಅದೂ ಸಿಗದಿದ್ದರೆ ಘಟನೆ ನಡೆದ ತಿಂಗಳಿಂದ ಮುಂದಿನ ಆರು ತಿಂಗಳ ಸಂಚಿಕೆಗಳನ್ನು ಪುಟಪುಟವಾಗಿ ತಿರುಗಿಸಿ. ಬೇಸರದ ಕೆಲಸ ನಿಜ, ಆದರೆ ಬೇರೆ ಪುಸ್ತಕಗಳಲ್ಲಿ ಇಲ್ಲದ ವಿವರ ಸಿಗುವುದು ಹೀಗೆಯೇ. ಜರ್ಮನ್‌ನಲ್ಲಿ ಇಂದಿನ ಪದ 'ಹೂಬ್‌ಶ್ರೌಬರ್', ಹಳೆಯ ಬರಹಗಳಲ್ಲಿ 'ಶ್ರೌಬೆನ್‌ಫ್ಲೀಗರ್' ಎಂದೂ ಇರುತ್ತದೆ.

ಎರಡನೆಯದು ನಾಸಾದ ತಾಂತ್ರಿಕ ವರದಿಗಳ ಜಾಲತಾಣ. ನಾಸಾಕ್ಕಿಂತ ಮುಂಚೆ ಅಮೆರಿಕದಲ್ಲಿ 1915ರಿಂದ 'ನಾಕಾ' ಎಂಬ ಸರ್ಕಾರಿ ಸಮಿತಿ ಇತ್ತು. ಅದು ಯುರೋಪಿನ ಹೆಲಿಕಾಪ್ಟರ್ ಲೇಖನಗಳನ್ನು ಆಗಲೇ ಇಂಗ್ಲಿಷಿಗೆ ಅನುವಾದಿಸಿ ತಾಂತ್ರಿಕ ಜ್ಞಾಪನಗಳಾಗಿ ಹಂಚುತ್ತಿತ್ತು. ಫ್ರೆಂಚ್ ಬಾರದವರಿಗೆ ಇದು ದೊಡ್ಡ ಆಸರೆ.

ಮೂರನೆಯದು ಪೇಟೆಂಟ್‌ಗಳು. ಯುರೋಪಿಯನ್ ಪೇಟೆಂಟ್ ಕಚೇರಿಯ 'ಎಸ್ಪಾಸ್‌ನೆಟ್'ನಲ್ಲಿ ಬಿ64ಸಿ 27 ಎಂಬ ವರ್ಗಸಂಖ್ಯೆ ಹಾಕಿ, ವರ್ಷದ ಮಿತಿ ಕೊಟ್ಟರೆ ರೋಟರ್ ಯಂತ್ರಗಳ ಪೇಟೆಂಟ್‌ಗಳು ಸಾಲಾಗಿ ಬರುತ್ತವೆ. ರೇಖಾಚಿತ್ರಗಳು ಅದ್ಭುತವಾಗಿರುತ್ತವೆ. ಆದರೆ ಪೇಟೆಂಟ್ ಎಂದರೆ ಯೋಚನೆಗೆ ಸಾಕ್ಷಿ, ಹಾರಾಟಕ್ಕಲ್ಲ. ಸಿಕೋರ್ಸ್ಕಿಯ ಅಮೆರಿಕನ್ ಪೇಟೆಂಟ್ 1,994,488ಕ್ಕೆ ಅರ್ಜಿ ಹಾಕಿದ್ದು 1931ರ ಜೂನ್‌ನಲ್ಲಿ, ಮಂಜೂರಾಗಿದ್ದು 1935ರ ಮಾರ್ಚ್‌ನಲ್ಲಿ. ವಿಎಸ್-300 ನೆಲ ಬಿಟ್ಟದ್ದು 1939ರ ಸೆಪ್ಟೆಂಬರ್ 14ರಂದು, ಅದೂ ಹಗ್ಗ ಕಟ್ಟಿಕೊಂಡು. ಪೇಟೆಂಟ್‌ನ ವರ್ಷವನ್ನೇ ಯಂತ್ರದ ವರ್ಷವಾಗಿ ಬರೆಯುವುದು ನಾನು ಅತಿ ಹೆಚ್ಚು ಕಂಡ ತಪ್ಪುಗಳಲ್ಲೊಂದು.

ನಾಲ್ಕನೆಯದು ಯಂತ್ರಗಳನ್ನು, ಕಾಗದಪತ್ರಗಳನ್ನು ಕಾಪಾಡಿಕೊಂಡಿರುವ ಸಂಸ್ಥೆಗಳು. ವಿಎಸ್-300 ಇರುವುದು ಅಮೆರಿಕದ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ. ಜರ್ಮನಿಯ ಬ್ಯುಕೆಬುರ್ಗ್‌ನಲ್ಲಿ ಹೆಲಿಕಾಪ್ಟರ್‌ಗಳಿಗಾಗಿಯೇ ಒಂದು ಸಂಗ್ರಹಾಲಯವಿದೆ. ಪತ್ರ ಬರೆಯುವಾಗ "ನಿಮ್ಮಲ್ಲಿ ಏನಿದೆ" ಎಂದು ಕೇಳಬೇಡಿ. "1922ರ ಡಿಸೆಂಬರ್ 18ರ ಹಾರಾಟದ ಮೂಲ ವರದಿಯ ಪ್ರತಿ ಬೇಕು, ಈ ಸಂಚಿಕೆಯ ಈ ಪುಟದಲ್ಲಿ ಅದರ ಉಲ್ಲೇಖವಿದೆ" ಎಂಬಷ್ಟು ಖಚಿತವಾಗಿ ಕೇಳಿ.

ಅಪಾಯದ ಸೂಚನೆ: ಹತ್ತು ಪುಸ್ತಕಗಳು ಒಂದೇ ಮಾತನ್ನು ಒಂದೇ ಪದಗಳಲ್ಲಿ ಹೇಳುತ್ತಿದ್ದರೆ ಅದು ಹತ್ತು ಸಾಕ್ಷಿಯಲ್ಲ. ಒಬ್ಬರಿಂದ ಒಬ್ಬರು ನಕಲು ಮಾಡಿದ ಒಂದೇ ಸಾಕ್ಷಿ.

## ಹಂತ 5: ಅನುಮಾನ ಬಂದ ಕಡೆ ಲೆಕ್ಕ ಹಾಕಿ

ಕಾಗದ ಏನೇ ಹೇಳಲಿ, ಗಾಳಿ ತನ್ನ ನಿಯಮ ಬಿಡುವುದಿಲ್ಲ. ತೂಕ, ರೋಟರ್‌ನ ವ್ಯಾಸ, ಎಂಜಿನ್‌ನ ಶಕ್ತಿ ಮೂರೂ ಗೊತ್ತಿದ್ದರೆ ಒಂದು ಹೇಳಿಕೆ ನಂಬಲರ್ಹವೇ ಎಂದು ಪಿಯುಸಿ ಗಣಿತದಲ್ಲೇ ನೋಡಬಹುದು. ಕೋರ್ನ್ಯುವಿನ ಯಂತ್ರವನ್ನೇ ತೆಗೆದುಕೊಳ್ಳೋಣ.

ಮನುಷ್ಯನೂ ಸೇರಿ ತೂಕ ಸುಮಾರು 260 ಕೆ.ಜಿ., ಎಂದರೆ 2,550 ನ್ಯೂಟನ್. ಆರಾರು ಮೀಟರ್ ವ್ಯಾಸದ ಎರಡು ರೋಟರ್‌ಗಳು, ಬೀಸುವ ಒಟ್ಟು ವಿಸ್ತೀರ್ಣ 56.5 ಚದರ ಮೀಟರ್. ಎಂಜಿನ್ 24 ಅಶ್ವಶಕ್ತಿಯ ಆಂಟ್ವನೆಟ್.

ಗಾಳಿಯಲ್ಲಿ ನಿಂತಲ್ಲೇ ನಿಲ್ಲಲು ಬೇಕಾಗುವ ಕನಿಷ್ಠ ಶಕ್ತಿಯ ಸೂತ್ರ ಸರಳ. ತೂಕವನ್ನು ಅದರದೇ ವರ್ಗಮೂಲದಿಂದ ಗುಣಿಸಿ: 2,550 × 50.5, ಸುಮಾರು 1,28,800. ಗಾಳಿಯ ಸಾಂದ್ರತೆ 1.225ನ್ನು ಎರಡರಿಂದಲೂ ವಿಸ್ತೀರ್ಣದಿಂದಲೂ ಗುಣಿಸಿ ವರ್ಗಮೂಲ ತೆಗೆಯಿರಿ: ಸುಮಾರು 11.8. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 10,900 ವ್ಯಾಟ್. ಎಂಜಿನ್ ಕೊಡಬಲ್ಲದ್ದು ಸುಮಾರು 17,650 ವ್ಯಾಟ್.

ಸಾಕಾಗುತ್ತದಲ್ಲ ಎನಿಸಬಹುದು. ಆದರೆ 10,900 ಎಂಬುದು ಒಂದಿಷ್ಟೂ ನಷ್ಟವಿಲ್ಲದ ಆದರ್ಶ ರೋಟರಿನ ಲೆಕ್ಕ. ಕೋರ್ನ್ಯು ಗೆಲ್ಲಬೇಕಾದರೆ ಎಂಜಿನ್‌ನ ಶಕ್ತಿಯಲ್ಲಿ ಶೇ 62ರಷ್ಟು ವ್ಯರ್ಥವಾಗದೆ ಎತ್ತುವ ಕೆಲಸಕ್ಕೇ ಹೋಗಬೇಕಿತ್ತು. ಇಂದಿನ ಒಳ್ಳೆಯ ರೋಟರ್ ಶೇ 70-80 ಮುಟ್ಟುತ್ತದೆ. ದೋಣಿಯ ಹುಟ್ಟಿನಂತಿದ್ದ ಅಗಲ ಬ್ಲೇಡುಗಳು, ಜಾರುವ ಬೆಲ್ಟಿನ ಮೂಲಕ ಶಕ್ತಿ ದಾಟಿಸುವ ವ್ಯವಸ್ಥೆ, ಇವುಗಳಿಂದ ಶೇ 62 ಬಂದಿತೆಂದು ನಂಬುವುದು ಕಷ್ಟ. ನೆಲಕ್ಕೆ ಹತ್ತಿರವಿದ್ದಾಗ ಬೇಕಾಗುವ ಶಕ್ತಿ ಸ್ವಲ್ಪ ಇಳಿಯುತ್ತದೆ ಎಂಬುದನ್ನೂ ನ್ಯಾಯವಾಗಿ ಲೆಕ್ಕಕ್ಕೆ ಹಿಡಿಯಬೇಕು. ರೋಟರ್ ವಿಜ್ಞಾನದ ಪ್ರಾಧ್ಯಾಪಕ ಗಾರ್ಡನ್ ಲೀಷ್‌ಮನ್ ಕೂಡ ಈ ಹಾರಾಟವನ್ನು ಲೆಕ್ಕದ ಮೂಲಕವೇ ಪ್ರಶ್ನಿಸಿದ್ದಾರೆ.

ಇದನ್ನು ಪುಸ್ತಕದಲ್ಲಿ "ಕೋರ್ನ್ಯು ಸುಳ್ಳು ಹೇಳಿದ" ಎಂದು ಬರೆಯಬಾರದು. ಯಂತ್ರ ಪುಟಿದಿರಬಹುದು, ಕ್ಷಣಕಾಲ ಹಗುರಾಗಿರಬಹುದು. ಹೇಳಿಕೆ, ದಾಖಲೆ, ಲೆಕ್ಕ, ಮೂರನ್ನೂ ಓದುಗರ ಮುಂದಿಟ್ಟು ನಿಮ್ಮ ತೀರ್ಪು ಬರೆಯಿರಿ.

ಘಟಕಗಳಲ್ಲಿ ಜಾಗ್ರತೆ: ಫ್ರೆಂಚ್ ಅಶ್ವಶಕ್ತಿ 735.5 ವ್ಯಾಟ್, ಬ್ರಿಟಿಷ್ ಅಶ್ವಶಕ್ತಿ 745.7 ವ್ಯಾಟ್. ತೂಕದ ಅಂಕಿಯಲ್ಲಿ ಮನುಷ್ಯ ಸೇರಿದ್ದಾನೆಯೇ, ನೋಡಿಕೊಳ್ಳಿ.

## ಹಂತ 6: ಚಿತ್ರಗಳ ಹಕ್ಕು

ಚಿತ್ರ ಅಂತರ್ಜಾಲದಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಅದು ಎಲ್ಲರದ್ದೂ ಅಲ್ಲ. ಭಾರತದ ಕಾಯ್ದೆಯಲ್ಲಿ ಹಕ್ಕು ಕೃತಿಕಾರರ ಮರಣಾನಂತರ 60 ವರ್ಷ, ಫ್ರಾನ್ಸ್‌ನಲ್ಲಿ 70 ವರ್ಷ. ಹಳೆಯ ಪ್ರಕಟಿತ ಕೃತಿಗಳಿಗೆ ಅಮೆರಿಕದಲ್ಲಿ ಪ್ರಕಟವಾದಂದಿನಿಂದ 95 ವರ್ಷ. ಊಮಿಷೆನ್ ತೀರಿಕೊಂಡದ್ದು 1955ರಲ್ಲಿ. ಅವರ ಬರಹ ಭಾರತದಲ್ಲಿ 2016ರಿಂದ ಮುಕ್ತ, ಫ್ರಾನ್ಸ್‌ನಲ್ಲಿ 2026ರಿಂದ. ಪುಸ್ತಕವನ್ನು ಹೊರದೇಶಗಳಲ್ಲೂ ಮಾರುವುದಾದರೆ ಆ ದೇಶಗಳ ಲೆಕ್ಕವೂ ಬೇಕು.

ಅಮೆರಿಕದ ಸೇನೆಯ, ನಾಕಾದ ಸಿಬ್ಬಂದಿ ಕರ್ತವ್ಯದಲ್ಲಿ ತೆಗೆದ ಚಿತ್ರಗಳು ಅಲ್ಲಿನ ಕಾಯ್ದೆಯಂತೆ ಮುಕ್ತ. 1922ರ ಡಿಸೆಂಬರ್‌ನಲ್ಲಿ ಸೇನೆಯ ಮಕುಕ್ ಫೀಲ್ಡ್‌ನಲ್ಲಿ ಎದ್ದ, ಎಂಜಿನಿಯರ್ ಜಾರ್ಜ್ ದ ಬೋಥೆಜಾರ ನಾಲ್ಕು ರೋಟರ್‌ಗಳ ಯಂತ್ರದ ಚಿತ್ರಗಳಲ್ಲಿ ಇಂಥವು ಸಿಗುತ್ತವೆ. ಗಾಲಿಕಾದ ಚಿತ್ರ ಬಳಸುವುದಾದರೆ ಮಾರಾಟದ ಪುಸ್ತಕಕ್ಕೆ ಅಲ್ಲಿ ಯಾವ ನಿಯಮ ಅನ್ವಯಿಸುತ್ತದೆ ಎಂದು ಮೊದಲೇ ಓದಿ, ಬೇಕಾದರೆ ಲಿಖಿತ ಅನುಮತಿ ಪಡೆಯಿರಿ. ಅನುಮತಿ ಪತ್ರಗಳೆಲ್ಲ ಒಂದೇ ಕಡತದಲ್ಲಿರಲಿ.

ಇನ್ನೊಂದು ಮಾತು: ಹಳೆಯ ಪತ್ರಿಕೆಯ ಚಿತ್ರ ಚುಕ್ಕಿಗಳಿಂದ ಆದದ್ದು. ಅದನ್ನೇ ಮತ್ತೆ ಅಚ್ಚು ಮಾಡಿದರೆ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ರೇಷ್ಮೆ ಸೀರೆಯ ಮೇಲಿನ ಅಲೆಯಂತೆ ಗೆರೆ ಏಳುತ್ತದೆ. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಚುಕ್ಕಿ ಕರಗಿಸಿ, ಒಂದು ಪುಟದ ಅಚ್ಚು ತೆಗೆಸಿ ನೋಡಿ. ನಾಲ್ಕು ಇಂಚು ಅಗಲದ ಚಿತ್ರಕ್ಕೆ ಕನಿಷ್ಠ 1,200 ಪಿಕ್ಸೆಲ್ ಇರಲೇಬೇಕು.

## ಹಂತ 7: ಈಗ ಬರೆಯಿರಿ

ಬರೆಯುವ ಮೊದಲು ಒಂದು ಪದಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ರೋಟರ್, ಬ್ಲೇಡ್, ಕೀಲು, ಎತ್ತುವ ಬಲ, ಬಾಲದ ರೋಟರ್. ಒಂದು ವಸ್ತುವಿಗೆ ಒಂದೇ ಪದ, ಕೊನೆಯ ಪುಟದ ತನಕ. ಒಂದು ಕಡೆ 'ರೋಟರ್', ಇನ್ನೊಂದು ಕಡೆ 'ತಿರುಗುರೆಕ್ಕೆ', ಮತ್ತೊಂದು ಕಡೆ 'ಪರಿಭ್ರಾಮಕ' ಎಂದರೆ ಓದುಗರಿಗೆ ಮೂರು ಬೇರೆ ಭಾಗಗಳೆನಿಸುತ್ತವೆ. ಜನ ಆಡುವ ಪದ ಇದ್ದರೆ ಅದನ್ನೇ ಬಳಸಿ. ಹೊಸ ಸಂಸ್ಕೃತ ಪದ ಕಟ್ಟುವ ಆಸೆಯನ್ನು ತಡೆದುಕೊಳ್ಳಿ.

ಹೆಸರುಗಳನ್ನು ಆಯಾ ಭಾಷೆಯ ಉಚ್ಚಾರಕ್ಕೆ ಹತ್ತಿರ ಬರೆಯಿರಿ. 'ಬ್ರೆಗುಯೆಟ್' ಅಲ್ಲ, ಬ್ರೆಗೆ. ಪುಸ್ತಕದ ಕೊನೆಯಲ್ಲಿ ಪ್ರತಿ ಹೆಸರಿನ ರೋಮನ್ ಲಿಪಿಯ ರೂಪವನ್ನೂ ಕೊಡಿ, ಇಲ್ಲದಿದ್ದರೆ ಓದುಗರು ಮುಂದೆ ಹುಡುಕಿಕೊಳ್ಳಲು ಆಗುವುದಿಲ್ಲ.

ಮುಗಿದ ಹಸ್ತಪ್ರತಿಯನ್ನು ಇಬ್ಬರಿಗೆ ಕೊಡಿ: ವಿಮಾನ ಎಂಜಿನಿಯರಿಂಗ್ ಬಲ್ಲ ಒಬ್ಬರು, ಏನೂ ಗೊತ್ತಿಲ್ಲದ ಒಬ್ಬರು. ಎರಡನೆಯವರು ನಿಂತ ಜಾಗಗಳೇ ನಿಮ್ಮ ದುರ್ಬಲ ಪುಟಗಳು.

## ಹಂತ 8: ಪುಟವಿನ್ಯಾಸ ಮತ್ತು ಕರಡು

ಕನ್ನಡ ಪುಸ್ತಕ ಕೆಡುವುದು ಹೆಚ್ಚಾಗಿ ಇಲ್ಲಿ. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿರುತ್ತೀರಿ. ಡಿಟಿಪಿಯವರು ಅದನ್ನು ಹಳೆಯ ನುಡಿ ಫಾಂಟಿಗೆ ಬದಲಿಸಿ ಪೇಜ್‌ಮೇಕರ್‌ನಲ್ಲಿ ಕೂರಿಸುತ್ತಾರೆ. ಆ ದಾಟುವಿಕೆಯಲ್ಲಿ ಅಕ್ಷರಗಳು ಜಾರುತ್ತವೆ.

ನನ್ನ ಮೊದಲ ಪುಸ್ತಕದ ಕರಡು ಬಂದಾಗ ಹೀಗೇ ಆಯಿತು. 'ರೋಟರ್‌ಗಳು' ಎಂದು ಬರೆದದ್ದೆಲ್ಲ 'ರೋಟರ್ಗಳು' ಆಗಿತ್ತು. 'ಹೆಲಿಕಾಪ್ಟರ್‌ನ' ಎಂಬುದು 'ಹೆಲಿಕಾಪ್ಟರ್ನ' ಆಗಿತ್ತು. ರಕಾರದ ಪಕ್ಕದಲ್ಲಿರುವ, ಕಣ್ಣಿಗೆ ಕಾಣದ ಬೇರ್ಪಡಿಸುವ ಗುರುತು ಪರಿವರ್ತನೆಯಲ್ಲಿ ಬಿದ್ದುಹೋಗಿತ್ತು. ಈ ವಿಷಯದ ಪುಸ್ತಕದಲ್ಲಿ ಇಂಥ ಪದ ಪುಟಕ್ಕೆ ಹತ್ತಾದರೂ ಇರುತ್ತದೆ. ಎಲ್ಲವನ್ನೂ ಕೈಯಲ್ಲಿ ತಿದ್ದಲು ಮೂರು ವಾರ ಹಿಡಿಯಿತು.

ಹಾಗಾಗಿ ಕೆಲಸ ಒಪ್ಪಿಸುವ ಮೊದಲೇ ಹತ್ತು ಪುಟ ಕೊಟ್ಟು ಪರೀಕ್ಷಿಸಿ. ಯೂನಿಕೋಡ್‌ನಲ್ಲೇ ಇನ್‌ಡಿಸೈನ್ ಬಳಸುವವರಾದರೆ ಭಾರತೀಯ ಲಿಪಿಗಳಿಗೆ ಬೇಕಾದ 'ವರ್ಲ್ಡ್-ರೆಡಿ ಕಂಪೋಸರ್' ಆರಿಸಿದ್ದಾರೆಯೇ ಕೇಳಿ, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಕರಡನ್ನು ಪರದೆಯ ಮೇಲೆ ಓದಬೇಡಿ, ಕಾಗದದ ಮೇಲೆ ಓದಿ. ಒಂದು ಸುತ್ತು ಪದಗಳಿಗೆ, ಇನ್ನೊಂದು ಸುತ್ತು ಬರೀ ಅಂಕಿಗಳಿಗೆ. ಅಂಕಿಗಳ ಸುತ್ತಿನಲ್ಲಿ ಮೂರನೇ ಹಂತದ ಖಾತೆ ಪಕ್ಕದಲ್ಲಿರಲಿ.

## ಹಂತ 9: ಐಎಸ್‌ಬಿಎನ್ ಮತ್ತು ಅಚ್ಚು

ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಕೊಡುವುದು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ. ಅರ್ಜಿ ಆನ್‌ಲೈನ್, ಶುಲ್ಕವಿಲ್ಲ, ಲೇಖಕರೇ ಹಾಕಬಹುದು. ಇದಕ್ಕೆ ಹಣ ಕೇಳುವ ಮಧ್ಯವರ್ತಿಗಳು ಬೇಡ. ಮುದ್ರಿತ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು ಬೇರೆ ಸಂಖ್ಯೆ. ಸಂಖ್ಯೆ ಕೈಗೆ ಬರುವ ತನಕ ಹಿಂಬದಿ ರಕ್ಷಾಪುಟವನ್ನು ಅಂತಿಮ ಮಾಡಬೇಡಿ.

ನಮ್ಮಲ್ಲಿ ರೂಢಿಯ ಅಳತೆ ಡೆಮಿ 1/8. ಪುಟಗಳನ್ನು 16ರ ಫಾರಂ (ಮಡಿಸಿದಾಗ 16 ಪುಟವಾಗುವ ಅಚ್ಚಿನ ಹಾಳೆ) ಲೆಕ್ಕದಲ್ಲಿ ಹೊಂದಿಸಿ: 160 ಪುಟ ಎಂದರೆ ಸರಿಯಾಗಿ 10 ಫಾರಂ. 163 ಪುಟವಾದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂನ ಖರ್ಚು ಬೀಳಬಹುದು. ಓದುವ ಪುಟಗಳಿಗೆ 70 ಅಥವಾ 80 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಮ್ಯಾಪ್‌ಲಿಥೊ ಕಾಗದ ಸಾಕು. ಚಿತ್ರಗಳು ಹೆಚ್ಚಿದ್ದರೆ ಅವನ್ನು ಒಂದೇ ಫಾರಂನಲ್ಲಿ ಸೇರಿಸಿ ಆರ್ಟ್ ಪೇಪರ್ ಮೇಲೆ ಹಾಕಿಸಿ. ಬೆನ್ನಿನ ಅಗಲವನ್ನು ಅಂದಾಜಿನಲ್ಲಿ ಇಡದೆ, ಕಾಗದ ಗೊತ್ತಾದ ಮೇಲೆ ಮುದ್ರಕರಿಂದ ಕೇಳಿ ಪಡೆಯಿರಿ.

ಪ್ರತಿಗಳು ಕೆಲವು ನೂರರೊಳಗಿದ್ದರೆ ಡಿಜಿಟಲ್ ಮುದ್ರಣ, ಸಾವಿರದ ಹತ್ತಿರವಾದರೆ ಆಫ್‌ಸೆಟ್. ಈ ವಿಷಯದ ಮೊದಲ ಪುಸ್ತಕಕ್ಕೆ ಸಾವಿರ ಪ್ರತಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಪೋಥಿ ಡಾಟ್ ಕಾಮ್‌ನಂಥ, ಬೇಡಿಕೆ ಬಂದಷ್ಟೇ ಅಚ್ಚು ಮಾಡುವ ಸೇವೆಗಳೂ ಇವೆ. ಪ್ರತಿಯೊಂದಕ್ಕೆ ಬೀಳುವ ಖರ್ಚು ಹೆಚ್ಚಾದರೂ ಮಂಚದ ಕೆಳಗೆ ಕಟ್ಟು ಪೇರಿಸುವ ಸ್ಥಿತಿ ಬರುವುದಿಲ್ಲ, ತಪ್ಪು ಕಂಡರೆ ಮುಂದಿನ ಪ್ರತಿಯಲ್ಲೇ ತಿದ್ದಬಹುದು. ಆಫ್‌ಸೆಟ್ ಆದರೆ ಪೂರ್ತಿ ಅಚ್ಚಿಗೆ ಒಪ್ಪಿಗೆ ಕೊಡುವ ಮೊದಲು ಕಟ್ಟಿದ ಒಂದು ಮಾದರಿ ಪ್ರತಿ ಕೇಳಿ.

ಹಕ್ಕುಪುಟದಲ್ಲಿ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಪುಟಗಳು, ಬೆಲೆ, ಬಳಸಿದ ಕಾಗದ, ಮುದ್ರಕರ ಹೆಸರು, ಎಲ್ಲವೂ ಇರಲಿ.

## ಹಂತ 10: ಅಚ್ಚಾದ ಮೇಲೆ

1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟಿಸಿದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನೆಮರಾ ಸೇರಿದಂತೆ ಕಾಯ್ದೆ ಹೇಳುವ ಇತರ ಗ್ರಂಥಾಲಯಗಳಿಗೂ ನಿಮ್ಮ ಖರ್ಚಿನಲ್ಲೇ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಾಶನದವರು ಮರೆಯುವುದು ಇದನ್ನೇ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಿ. ಇದು ನಿಮ್ಮ ಮೊದಲ ಪುಸ್ತಕವಾಗಿದ್ದು ವಯಸ್ಸು ಚಿಕ್ಕದಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ನಿಯಮಗಳನ್ನು ಹಸ್ತಪ್ರತಿ ಇರುವಾಗಲೇ ಓದಿಕೊಳ್ಳಿ, ಅಚ್ಚು ಮಾಡಿಸಿಬಿಟ್ಟ ಮೇಲೆ ಓದುವುದರಲ್ಲಿ ಪ್ರಯೋಜನವಿಲ್ಲ.

ನೆರವಾದ ಸಂಗ್ರಹಾಲಯಗಳಿಗೆ ಒಂದೊಂದು ಪ್ರತಿ ಅಂಚೆಗೆ ಹಾಕಿ, ಜೊತೆಗೆ ಅವರ ದಾಖಲೆ ಯಾವ ಪುಟದಲ್ಲಿ ಬಳಕೆಯಾಗಿದೆ ಎಂಬ ಚೀಟಿ ಇರಲಿ. ಖಾತೆಯ ಸ್ಪ್ರೆಡ್‌ಶೀಟನ್ನು ಮುಚ್ಚಬೇಡಿ. 'ತಿದ್ದುಪಡಿ' ಎಂಬ ಹೊಸ ಕಂಬ ಸೇರಿಸಿ, ಓದುಗರು ತೋರಿಸಿದ ಪ್ರತಿ ತಪ್ಪನ್ನೂ ಪುಟಸಂಖ್ಯೆಯೊಂದಿಗೆ ಅಲ್ಲಿ ಬರೆದಿಡಿ.